ಮುಂದಿನ ಪಾಳಿಗೆ ಬಾಕಿ

ಆಸ್ಪತ್ರೆಯ ವಾರ್ಡಿನಲ್ಲಿ ಒಬ್ಬ ರೋಗಿಯ ಬಗ್ಗೆ ಎಷ್ಟು ಕಡೆ ಬರೆಯಬೇಕಾಗುತ್ತದೆ ಎಂಬುದನ್ನು ಹೊರಗಿನವರು ಊಹಿಸಲಾರರು. ವೈದ್ಯರ ಆದೇಶವಿರುವ ಕೇಸ್ ಶೀಟ್, ಜ್ವರ, ನಾಡಿ, ಉಸಿರಾಟ ಬರೆಯುವ ಟಿಪಿಆರ್ ಚಾರ್ಟ್, ಔಷಧಿ ಚಾರ್ಟ್, ದೇಹಕ್ಕೆ ಹೋದ ಮತ್ತು ದೇಹದಿಂದ ಬಂದ ದ್ರವದ ಲೆಕ್ಕವಿಡುವ ಇನ್‌ಟೇಕ್-ಔಟ್‌ಪುಟ್ ಚಾರ್ಟ್, ಸಕ್ಕರೆ ಕಾಯಿಲೆಯಿದ್ದರೆ ರಕ್ತದ ಸಕ್ಕರೆ ಬರೆಯುವ ಜಿಆರ್‌ಬಿಎಸ್ ಚಾರ್ಟ್, ನರ್ಸಸ್ ನೋಟ್ಸ್, ಇವೆಲ್ಲದರ ಮೇಲೆ ಇಡೀ ವಾರ್ಡಿಗೆ ಸೇರಿದ ರಿಪೋರ್ಟ್ ಬುಕ್ ಮತ್ತು ರೋಗಿಗಳ ಸಂಖ್ಯೆ ಬರೆಯುವ ಸೆನ್ಸಸ್ ಬುಕ್. ಇವುಗಳ ಜೊತೆಗೆ, ಯಾವ ದಾಖಲೆಯ ಲೆಕ್ಕಕ್ಕೂ ಸೇರದೆ ಶುಶ್ರೂಷಾಧಿಕಾರಿಯ ಸಮವಸ್ತ್ರದ ಜೇಬಿನಲ್ಲಿ ನಾಲ್ಕಾಗಿ ಮಡಚಿಕೊಂಡಿರುವ ಒಂದು ಬಿಳಿ ಹಾಳೆಯೂ ಇರುತ್ತದೆ. ಪಾಳಿ ನಿಜವಾಗಿ ನಡೆಯುವುದು ಆ ಹಾಳೆಯ ಮೇಲೆ. ಉಳಿದ ಕಾಗದಗಳೆಲ್ಲ ಅಲ್ಲಿಂದಲೇ ತುಂಬಿಕೊಳ್ಳುತ್ತವೆ. ಆ ಹಾಳೆಯನ್ನು ಹೇಗೆ ಜೋಡಿಸಿಕೊಳ್ಳಬೇಕು ಎಂದು ನಮಗೆ ತರಗತಿಯಲ್ಲಿ ಯಾರೂ ಕಲಿಸಲಿಲ್ಲ. ಜಿಎನ್‌ಎಂ ಆಗಲಿ ಬಿಎಸ್ಸಿ ನರ್ಸಿಂಗ್ ಆಗಲಿ, ಕೇರ್ ಪ್ಲಾನ್ ಬರೆಯುವುದನ್ನು ಪುಟಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ. ಆದರೆ ಮೂವತ್ತು ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ಒಬ್ಬರೇ ನಿಂತಾಗ ಯಾವುದನ್ನು ಎಲ್ಲಿ ಬರೆದಿಟ್ಟುಕೊಂಡರೆ ಬೆಳಗಿನ ತನಕ ಯಾವ ರೋಗಿಯೂ ಕಣ್ಣು ತಪ್ಪುವುದಿಲ್ಲ ಎಂಬುದನ್ನು ಹಿರಿಯ ಸಿಸ್ಟರುಗಳನ್ನು ನೋಡಿಯೇ ಕಲಿಯಬೇಕು.

ಈ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೆ ನನಗೆ ಗಟ್ಟಿಯಾಗಿ ಅನಿಸಿರುವುದು ಇಷ್ಟು: ನಮ್ಮ ಅಧಿಕೃತ ಕಾಗದಗಳೆಲ್ಲವೂ ಮಾಡಿದ ಕೆಲಸವನ್ನು ಕೇಳುತ್ತವೆ. ಯಾವ ಔಷಧಿ ಕೊಟ್ಟಿರಿ, ಎಷ್ಟು ಗಂಟೆಗೆ ಕೊಟ್ಟಿರಿ, ಯಾರ ಸಹಿ ಎಂದು ಕೇಳುತ್ತವೆ. ರೋಗಿಯ ಅಪಾಯವಿರುವುದು ಮಾತ್ರ ಹೆಚ್ಚಾಗಿ ಇನ್ನೂ ಮಾಡದೆ ಉಳಿದ ಕೆಲಸದಲ್ಲಿ. ಕಳಿಸಿದ ರಕ್ತದ ವರದಿ ಬಂದಿಲ್ಲ, ಆರು ಗಂಟೆಯ ನಂತರ ಮರುಪರೀಕ್ಷೆ ಆಗಬೇಕು, ಕ್ಯಾಥೆಟರ್ ತೆಗೆದು ನಾಲ್ಕು ಗಂಟೆಯಾದರೂ ಮೂತ್ರ ಹೋಗಿಲ್ಲ, ಸರ್ಜರಿಯವರ ಅಭಿಪ್ರಾಯ ಕೇಳಿದ್ದರೂ ಅವರು ಬಂದು ನೋಡಿಲ್ಲ. ಈ ಬಾಕಿಗಳಿಗೆ ಯಾವ ಚಾರ್ಟಿನಲ್ಲೂ ಒಂದು ಕಾಲಂ ಇಲ್ಲ. ಕೊಟ್ಟ ಇಂಜೆಕ್ಷನ್ನಿಗೆ ಐದು ಕಡೆ ಸಹಿ ಬೀಳುತ್ತದೆ. ನೋಡಬೇಕಾದ ವರದಿಗೆ ಒಂದು ಕಡೆಯೂ ಜಾಗವಿಲ್ಲ. ಆದ್ದರಿಂದ ಶುಶ್ರೂಷೆಯ ಟಿಪ್ಪಣಿಯನ್ನು ಜೋಡಿಸುವುದೆಂದರೆ ಮೊದಲು ಬಾಕಿಯನ್ನು ಜೋಡಿಸುವುದು ಎಂದು ನಾನು ನಂಬಿದ್ದೇನೆ, ನನ್ನ ಜೊತೆ ಕೆಲಸ ಮಾಡುವ ಕಿರಿಯರಿಗೂ ಹಾಗೆಯೇ ಹೇಳಿಕೊಡುತ್ತೇನೆ.

ಇದನ್ನು ಹಾವು ಕಡಿತದ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಬೇರೊಂದಿಲ್ಲ. ನಮ್ಮ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಿಗೆ ಮಳೆಗಾಲದಲ್ಲಿ, ಕಟಾವಿನ ಕಾಲದಲ್ಲಿ, ಹೊಲದಿಂದ ನೇರವಾಗಿ ಬರುವ ರೋಗಿಗಳಿವರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದೂ ಈ ಕಾರಣಕ್ಕೇ. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಸಿಯುತ್ತದೆ. ಅದನ್ನು ತಿಳಿಯಲು ದೊಡ್ಡ ಯಂತ್ರ ಬೇಕಿಲ್ಲ. ಒಣಗಿದ, ಶುಚಿಯಾದ ಗಾಜಿನ ನಳಿಕೆಯಲ್ಲಿ ಸ್ವಲ್ಪ ರಕ್ತ ತೆಗೆದು, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದಿದ್ದರೆ ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿಯಾದ ಔಷಧಿ, ಶುರುವಾಗುತ್ತದೆ. ಮೊದಲ ಸುತ್ತಿನ ವಯಲ್‌ಗಳು ಹೋಗಿ ಮುಗಿದ ಮೇಲೆ ಒಂದು ನಿರಾಳ ಬರುತ್ತದೆ. ಚಾರ್ಟಿನಲ್ಲಿ ವಯಲ್ ಸಂಖ್ಯೆ, ಬ್ಯಾಚ್ ನಂಬರ್, ಸಹಿ ಎಲ್ಲವೂ ಇರುತ್ತವೆ. ಆದರೆ ನಿಜವಾದ ಪ್ರಶ್ನೆ ಆರು ಗಂಟೆಯ ನಂತರದ್ದು. ವಿಷವನ್ನು ಔಷಧಿ ತಟಸ್ಥಗೊಳಿಸಿದ ಮೇಲೂ ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಿಕೊಳ್ಳಲು ಸುಮಾರು ಅಷ್ಟು ಹೊತ್ತು ಬೇಕು. ಅದಕ್ಕೇ ಅದೇ 20 ನಿಮಿಷದ ಪರೀಕ್ಷೆಯನ್ನು ಆರು ಗಂಟೆ ಬಿಟ್ಟು ಮತ್ತೆ ಮಾಡಬೇಕು, ಆಗಲೂ ರಕ್ತ ನೀರಾಗಿಯೇ ಇದ್ದರೆ ಮತ್ತೊಂದು ಸುತ್ತು ಔಷಧಿ ಬೇಕಾಗುತ್ತದೆ.

ಈಗ ಗಡಿಯಾರ ನೋಡಿ. ಎಎಸ್‌ವಿ ಮಧ್ಯಾಹ್ನ 3:30ಕ್ಕೆ ಶುರುವಾಯಿತು ಎಂದುಕೊಂಡರೆ ಮರುಪರೀಕ್ಷೆ ರಾತ್ರಿ 9:30ಕ್ಕೆ. ನಮ್ಮ ಬಹುತೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಪಾಳಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಿಗ್ಗೆ 8. ಔಷಧಿ ಶುರು ಮಾಡಿದವರು ಮನೆಗೆ ಹೋಗಿರುತ್ತಾರೆ. ರಾತ್ರಿ ಬಂದವರು 9:30ರ ಹೊತ್ತಿಗೆ ವಾರ್ಡಿನ ಆ ತುದಿಯಲ್ಲಿ ರಾತ್ರಿಯ ಆ್ಯಂಟಿಬಯಾಟಿಕ್‌ಗಳನ್ನು ಕೊಡುತ್ತಿರುತ್ತಾರೆ. ಸಂಜೆಯ ನರ್ಸಸ್ ನೋಟ್ಸ್‌ನಲ್ಲಿ ‘ಎಎಸ್‌ವಿ ಕೊಡಲಾಯಿತು, ರೋಗಿ ಸ್ಥಿರವಾಗಿದ್ದಾರೆ’ ಎಂದಿದ್ದರೆ ಅದು ಸುಳ್ಳಲ್ಲ, ಆದರೆ ರಾತ್ರಿಯವರಿಗೆ ಅದರಿಂದ ಏನೂ ಉಪಯೋಗವಿಲ್ಲ. ‘ಎಎಸ್‌ವಿ 3:30ಕ್ಕೆ ಶುರು, 9:30ಕ್ಕೆ ಮರುಪರೀಕ್ಷೆ ಬಾಕಿ, ಹೆಪ್ಪುಗಟ್ಟದಿದ್ದರೆ ಡ್ಯೂಟಿ ಡಾಕ್ಟರಿಗೆ ಕರೆ, ಒಸಡು, ಮೂತ್ರದ ಬಣ್ಣ ನೋಡುತ್ತಿರಿ’ ಎಂದಿದ್ದರೆ ಅದು ಶುಶ್ರೂಷೆಯ ಟಿಪ್ಪಣಿ. ಎರಡನ್ನೂ ಬರೆಯಲು ಹಿಡಿಯುವ ಸಮಯದಲ್ಲಿ ಅಂಥ ವ್ಯತ್ಯಾಸವೇನಿಲ್ಲ. ಮೊದಲನೆಯದು ಹಿಂದೆ ನೋಡಿ ಬರೆದದ್ದು, ಎರಡನೆಯದು ಮುಂದೆ ನೋಡಿ ಬರೆದದ್ದು.

ನನ್ನ ಹಾಳೆಯ ರೂಪವನ್ನೂ ಹೇಳುತ್ತೇನೆ, ಏಕೆಂದರೆ ಕಿರಿಯರು ಮೊದಲು ಕೇಳುವುದು ಅದನ್ನೇ. ಎ4 ಹಾಳೆಯನ್ನು ಅಡ್ಡಲಾಗಿ ಹಿಡಿದು ಎಡಗಡೆಯ ಮೂರನೇ ಒಂದು ಭಾಗದಲ್ಲಿ ರೋಗಿಗಳು, ಒಬ್ಬೊಬ್ಬರಿಗೆ ಎರಡು ಸಾಲು. ಬಲಗಡೆ ಪಾಳಿಯ ಗಂಟೆಗಳು ಒಂದರ ಪಕ್ಕ ಒಂದು. ಕೆಳಗೆ ಇಡೀ ಅಗಲಕ್ಕೆ ಒಂದು ಪಟ್ಟಿ, ಅದರ ತಲೆಯಲ್ಲಿ ‘ಬಾಕಿ’. ಯಾವ ಗಂಟೆಗೆ ಏನು ಆಗಬೇಕೋ ಆ ಚೌಕದಲ್ಲಿ ಒಂದು ಸೊನ್ನೆ ಸುತ್ತುತ್ತೇನೆ. ಆದಾಗ ಅದರೊಳಗೆ ಗೆರೆ ಎಳೆದು ನಿಜವಾಗಿ ಆದ ಸಮಯವನ್ನು ಪಕ್ಕದಲ್ಲಿ ಬರೆಯುತ್ತೇನೆ. ತೆರೆದ ಸೊನ್ನೆ ಎಂದರೆ ಆಗಿಲ್ಲ. ಹಾಳೆಯನ್ನು ಜೇಬಿನಿಂದ ತೆಗೆದಾಗಲೆಲ್ಲ ಕಣ್ಣು ತೆರೆದ ಸೊನ್ನೆಗಳನ್ನೇ ಹುಡುಕುತ್ತದೆ, ಹುಡುಕಬೇಕಾದದ್ದೂ ಅವನ್ನೇ. ಪಾಳಿ ಮುಗಿಯುವಾಗ ಉಳಿದ ತೆರೆದ ಸೊನ್ನೆಗಳು ಕೆಳಗಿನ ಪಟ್ಟಿಗೆ ಇಳಿಯುತ್ತವೆ, ಅಲ್ಲಿಂದ ರಿಪೋರ್ಟ್ ಬುಕ್ಕಿಗೆ ಹೋಗುತ್ತವೆ. ಇದಕ್ಕಿಂತ ಚೆನ್ನಾದ ವಿನ್ಯಾಸ ಬೇರೆಯವರ ಬಳಿ ಇರಬಹುದು, ಬಣ್ಣದ ಪೆನ್ನು ಬಳಸುವವರಿದ್ದಾರೆ, ಪುಟ್ಟ ನೋಟ್ ಪುಸ್ತಕ ಇಡುವವರಿದ್ದಾರೆ. ವಿನ್ಯಾಸದ ಬಗ್ಗೆ ನನಗೆ ಹಟವಿಲ್ಲ. ಹಾಳೆ ಹಾಸಿಗೆಗಳ ಕ್ರಮದಲ್ಲಷ್ಟೇ ಅಲ್ಲದೆ ಕಾಲದ ಕ್ರಮದಲ್ಲೂ ಓದಲು ಬರಬೇಕು ಎಂಬುದರಲ್ಲಿ ಮಾತ್ರ ಹಟವಿದೆ. ಹಾಸಿಗೆಗಳ ಕ್ರಮದಲ್ಲಿ ಮಾತ್ರ ಬರೆದ ಹಾಳೆಯಲ್ಲಿ 11 ಗಂಟೆಗೆ ಏನೇನು ಆಗಬೇಕು ಎಂದು ತಿಳಿಯಲು ಇಡೀ ಹಾಳೆಯನ್ನು ಓದಬೇಕಾಗುತ್ತದೆ, ಅಷ್ಟು ಬಿಡುವು 11 ಗಂಟೆಗೆ ಯಾರಿಗೂ ಇರುವುದಿಲ್ಲ.

ಹಾಸಿಗೆಯ ನಂಬರಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯನ್ನು ಇಲ್ಲೇ ಹೇಳಬೇಕು. ವಾರ್ಡಿನ ಮಾತಿನಲ್ಲಿ ರೋಗಿಗೆ ಹೆಸರಿರುವುದಿಲ್ಲ. ‘12ನೇ ಬೆಡ್ಡಿನ ಅಜ್ಜಿ’, ‘ಎಕ್ಸ್‌ಟ್ರಾ 2’, ‘ಕಿಟಕಿ ಪಕ್ಕದ ಪ್ಯಾಂಕ್ರಿಯಾಟೈಟಿಸ್’ ಎಂದೇ ಮಾತು ಸಾಗುತ್ತದೆ. ಡೆಂಗಿ ಕಾಲದಲ್ಲಿ ಹಾಸಿಗೆ ಸಾಲದೆ ನೆಲದ ಮೇಲೂ ರೋಗಿಗಳಿರುವಾಗ ಒಬ್ಬರು ಬಿಡುಗಡೆಯಾದ ತಕ್ಷಣ ಇನ್ನೊಬ್ಬರು ಮೇಲೇರುತ್ತಾರೆ, ಮಧ್ಯಾಹ್ನದ ವೇಳೆಗೆ ಬೆಳಗಿನ ನಂಬರುಗಳಲ್ಲಿ ಅರ್ಧ ಬದಲಾಗಿರುತ್ತವೆ. ಹೆಸರೊಂದೇ ಇದ್ದರೂ ಸಾಲದು. ನಮ್ಮ ಹೆಂಗಸರ ವಾರ್ಡಿನಲ್ಲಿ ಒಂದೇ ಹೊತ್ತಿಗೆ ಇಬ್ಬರು ಲಕ್ಷ್ಮಮ್ಮ, ಗಂಡಸರ ವಾರ್ಡಿನಲ್ಲಿ ಇಬ್ಬರು ಮಂಜುನಾಥ ಇರುವುದು ಅಪರೂಪವಲ್ಲ. ಆದ್ದರಿಂದ ಹೆಸರು, ತಂದೆ ಅಥವಾ ಗಂಡನ ಹೆಸರು, ಐಪಿ ನಂಬರಿನ (ಒಳರೋಗಿಯ ದಾಖಲಾತಿ ಸಂಖ್ಯೆಯ) ಕೊನೆಯ ಅಂಕಿಗಳು ಹಾಳೆಯ ಮೊದಲ ಸಾಲಿನಲ್ಲಿರಬೇಕು, ಹಾಸಿಗೆ ನಂಬರನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಎರಡನೇ ಸಾಲಿನಲ್ಲಿ ಕಾಯಿಲೆ, ಕಾಯಿಲೆಯ ಎಷ್ಟನೇ ದಿನ, ಯಾವುದಕ್ಕೆ ಅಲರ್ಜಿ, ಮೈಮೇಲೆ ಯಾವ ಯಾವ ನಳಿಕೆಗಳಿವೆ ಎಂಬುದು.

ಕಾಯಿಲೆಯ ಎಷ್ಟನೇ ದಿನ ಎಂಬುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಡೆಂಗಿಯಲ್ಲಿ ಅದೇ ಅತಿ ಮುಖ್ಯವಾದ ಅಂಕಿ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿದ ಆ ಮಳೆಗಾಲದಲ್ಲಿ ವಾರ್ಡುಗಳು ಹೇಗಿದ್ದವು ಎಂಬುದು ಈ ಕೆಲಸದಲ್ಲಿರುವವರಿಗೆಲ್ಲ ನೆನಪಿರುತ್ತದೆ. ಸಾಮಾನ್ಯ ಜ್ವರದಲ್ಲಿ ಜ್ವರ ಇಳಿದರೆ ಸಮಾಧಾನ. ಡೆಂಗಿಯಲ್ಲಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುವ ಹೊತ್ತೇ ಅಪಾಯದ ಹೊತ್ತು. ಮುಂದಿನ 24ರಿಂದ 48 ಗಂಟೆಗಳಲ್ಲಿ ರಕ್ತನಾಳಗಳಿಂದ ದ್ರವ ಹೊರಗೆ ಸೋರುತ್ತದೆ, ಹೊಟ್ಟೆನೋವು, ವಾಂತಿ, ಚಡಪಡಿಕೆ ಕಾಣಿಸಿಕೊಳ್ಳುತ್ತವೆ, ಮೂತ್ರ ಕಡಿಮೆಯಾಗುತ್ತದೆ. ರಕ್ತದೊತ್ತಡ ಮಾತ್ರ ತಕ್ಷಣ ಕುಸಿಯುವುದಿಲ್ಲ. ಬೆಳಿಗ್ಗೆ 110/70 ಇದ್ದದ್ದು ಸಂಜೆ 100/80 ಆದರೆ ಓಡಾಟದ ನಡುವೆ ನೋಡುವ ಕಣ್ಣಿಗೆ ಎರಡೂ ‘ನಾರ್ಮಲ್’; ಆದರೆ ಮೇಲಿನ ಮತ್ತು ಕೆಳಗಿನ ಅಂಕಿಯ ನಡುವಿನ ಅಂತರ 40ರಿಂದ 20ಕ್ಕೆ ಇಳಿದಿದೆ, ಅದು ಆಘಾತದ (ಶಾಕ್, ಅಂದರೆ ರಕ್ತಸಂಚಾರ ಕುಸಿಯುವ ಸ್ಥಿತಿಯ) ಬಾಗಿಲು. ಜ್ವರದ ದಿನ, ಜ್ವರ ಇಳಿದ ಗಂಟೆ, ಎರಡು ಅಂಕಿಗಳ ಅಂತರ, ಮೂತ್ರ, ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಹೆಮಾಟೊಕ್ರಿಟ್ ಇವಿಷ್ಟೂ ಒಂದೇ ಸಾಲಿನಲ್ಲಿದ್ದರೆ ಮಾತ್ರ ಈ ಚಿತ್ರ ಕಣ್ಣಿಗೆ ಕಾಣುತ್ತದೆ. ಐದು ಚಾರ್ಟುಗಳಲ್ಲಿ ಚದುರಿದ್ದರೆ ಪ್ರತಿಯೊಂದೂ ಸರಿಯಾಗಿಯೇ ಬರೆದಿದ್ದರೂ ಕಾಣುವುದಿಲ್ಲ. ಮನೆಯವರೂ ಪ್ಲೇಟ್‌ಲೆಟ್ ಎಷ್ಟು ಎಂದೇ ಕೇಳುತ್ತಾರೆ, ನಾವೂ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಯುವ ಅಭ್ಯಾಸಕ್ಕೆ ಬಿದ್ದಿದ್ದೇವೆ. ಆ ಗಂಟೆಗಳಲ್ಲಿ ಶುಶ್ರೂಷೆಗೆ ಬೇಕಾದ ಅಂಕಿಗಳು ಬೇರೆಯೇ.

ಅಂಕಿಗಳ ವಿಷಯ ಬಂದಿದ್ದರಿಂದ ಉಸಿರಾಟದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಯಾವುದೇ ವಾರ್ಡಿನ ಟಿಪಿಆರ್ ಚಾರ್ಟ್ ತೆಗೆದು ನೋಡಿದರೆ ಉಸಿರಾಟದ ಕಾಲಂನಲ್ಲಿ 20, 20, 18, 20 ಎಂದು ದಿನಗಟ್ಟಲೆ ಸಾಗುವುದನ್ನು ಕಾಣಬಹುದು. ಬಿಪಿಗೆ ಯಂತ್ರವಿದೆ, ನಾಡಿ ಮತ್ತು ಆಮ್ಲಜನಕಕ್ಕೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಇದೆ, ಉಸಿರಾಟವನ್ನು ಮಾತ್ರ ಎದೆಯನ್ನೇ ನೋಡುತ್ತಾ ಒಂದು ಪೂರ್ತಿ ನಿಮಿಷ ಎಣಿಸಬೇಕು, ಆ ಒಂದು ನಿಮಿಷ ಮೂವತ್ತು ರೋಗಿಗಳಿಗೆ ಅರ್ಧ ಗಂಟೆಯಾಗುತ್ತದೆ. ಆದರೆ ರೋಗಿ ಕುಸಿಯುವ ಮುನ್ನ ಎಲ್ಲಕ್ಕಿಂತ ಮೊದಲು ಬದಲಾಗುವ ಅಂಕಿಗಳಲ್ಲಿ ಇದೊಂದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರಾಟ ನಿಮಿಷಕ್ಕೆ 25 ಅಥವಾ ಹೆಚ್ಚಿದ್ದರೆ ಅದೊಂದಕ್ಕೇ 3 ಅಂಕ. ಒಟ್ಟು 7 ಮುಟ್ಟಿದರೆ ತುರ್ತು ತಂಡವನ್ನು ಕರೆಯಬೇಕು. ಎಲ್ಲರದನ್ನೂ ಪ್ರತಿ ಸಲ ಎಣಿಸಲಾಗದಿದ್ದರೆ ಯಾರದನ್ನು ಎಣಿಸಲೇಬೇಕು ಎಂದು ಪಾಳಿಯ ಆರಂಭದಲ್ಲೇ ಹಾಳೆಯಲ್ಲಿ ಗುರುತು ಹಾಕಿಕೊಳ್ಳಬೇಕು ಎಂಬುದು ನನ್ನ ಪಾಠ. ಎಣಿಸದ ಕಡೆ 20 ಎಂದು ತುಂಬುವುದಕ್ಕಿಂತ ಖಾಲಿ ಬಿಡುವುದು ಮೇಲು ಎಂದು ನಾನು ಹೇಳಿದಾಗ ಕೆಲವು ಇನ್‌ಚಾರ್ಜ್ ಸಿಸ್ಟರುಗಳಿಗೆ ಒಪ್ಪಿಗೆಯಾಗುವುದಿಲ್ಲ; ತಪಾಸಣೆಗೆ ಬಂದವರು ಖಾಲಿ ಚೌಕವನ್ನೇ ಮೊದಲು ನೋಡುತ್ತಾರೆ ಎಂಬ ಅವರ ಕಷ್ಟವೂ ನನಗೆ ಗೊತ್ತು. ಆದರೂ ಖಾಲಿ ಚೌಕ ಮುಂದಿನವರಿಗೆ ‘ಎಣಿಸಿಲ್ಲ’ ಎಂಬ ನಿಜವನ್ನು ಹೇಳುತ್ತದೆ, ತುಂಬಿದ 20 ಅವರ ಕಣ್ಣನ್ನು ಮುಚ್ಚುತ್ತದೆ.

ಪ್ರಜ್ಞೆಯ ಮಟ್ಟವನ್ನು ಬರೆಯುವಾಗಲೂ ಇದೇ ಮಾತು. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಕೊಟ್ಟ ಗ್ಲಾಸ್ಗೋ ಕೋಮಾ ಮಾಪಕದ (ಜಿಸಿಎಸ್) ಇಂದಿನ ರೂಪದಲ್ಲಿ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6, ಒಟ್ಟು 15. ತಲೆಗೆ ಪೆಟ್ಟು ಬಿದ್ದವರ ಟಿಪ್ಪಣಿಯಲ್ಲಿ ‘ಜಿಸಿಎಸ್ 13’ ಎಂದಷ್ಟೇ ಬರೆದರೆ ಮುಂದಿನ ಪಾಳಿಯಲ್ಲಿ ಮತ್ತೆ 13 ಬಂದಾಗ ಏನೂ ಬದಲಾಗಿಲ್ಲ ಎಂದೇ ತೋರುತ್ತದೆ. ಕಣ್ಣು ಸುಧಾರಿಸಿ ಮಾತು ಕೆಟ್ಟಿರಬಹುದು, ಒಟ್ಟು ಅಷ್ಟೇ ಇರಬಹುದು. ಮೂರನ್ನೂ ಬೇರೆ ಬೇರೆ ಬರೆದರೆ ಅದು ತಿಳಿಯುತ್ತದೆ. ಪಕ್ಕದಲ್ಲಿ ಕೂತ ಹೆಂಡತಿ ‘ರಾತ್ರಿ ನನ್ನ ಹೆಸರು ಹಿಡಿದು ಕರೆದರು, ಈಗ ಯಾರು ಅಂತ ಕೇಳ್ತಾ ಇದ್ದಾರೆ’ ಎಂದರೆ ಅದನ್ನೂ ಅವರ ಮಾತಿನಲ್ಲೇ, ಹೇಳಿದ ಗಂಟೆಯೊಂದಿಗೆ ಬರೆಯುತ್ತೇನೆ. ನಮ್ಮ ಪಾಳಿ ಬದಲಾಗುತ್ತದೆ, ವೈದ್ಯರ ಪಾಳಿ ಬದಲಾಗುತ್ತದೆ. ರೋಗಿಯ ಜೊತೆ ಬಂದ ತಾಯಿ, ಹೆಂಡತಿ, ಮಗ ಮಾತ್ರ ಮೂರೂ ಪಾಳಿಗಳನ್ನು ನೋಡಿರುತ್ತಾರೆ. ‘ನಿನ್ನೆಗಿಂತ ಇವತ್ತು ಮಂಕಾಗಿದ್ದಾನೆ’ ಎಂಬ ಹೋಲಿಕೆಯನ್ನು ಅವರಷ್ಟು ನಿಖರವಾಗಿ ಮಾಡಬಲ್ಲವರು ಆ ವಾರ್ಡಿನಲ್ಲಿ ಬೇರೆ ಯಾರೂ ಇರುವುದಿಲ್ಲ, ಆದರೂ ಅವರ ಮಾತು ದಾಖಲೆಗೆ ಸೇರುವುದು ಅಪರೂಪ.

ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಬಾಕಿಯ ಶಿಸ್ತು ಉಳಿದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ ಎಂಬುದು ನನ್ನ ಅನಿಸಿಕೆ. ರಕ್ತದೊತ್ತಡ ಏರಿ ಫಿಟ್ಸ್ ಬಂದ ಗರ್ಭಿಣಿಗೆ ಮೆಗ್ನೀಸಿಯಂ ಸಲ್ಫೇಟ್ ಕೊಡುವ ವಿಧಾನವೇ ಅವರಿಗೆ ಅದನ್ನು ಕಲಿಸುತ್ತದೆ. ಮೊದಲ ದೊಡ್ಡ ಪ್ರಮಾಣದ ನಂತರ ಪ್ರತಿ 4 ಗಂಟೆಗೊಮ್ಮೆ 5 ಗ್ರಾಂ ಒಂದೊಂದು ಪೃಷ್ಠಕ್ಕೆ ಬದಲಿಸಿ ಬದಲಿಸಿ ಕೊಡುವಾಗ, ಪ್ರತಿ ಸಲವೂ ಕೊಡುವ ಮುನ್ನ ಮೂರನ್ನು ನೋಡಬೇಕು: ಮೊಣಕಾಲಿನ ಪ್ರತಿವರ್ತನೆ ಇದೆಯೇ, ಉಸಿರಾಟ ನಿಮಿಷಕ್ಕೆ 16ಕ್ಕಿಂತ ಕಡಿಮೆಯಾಗಿಲ್ಲವಷ್ಟೇ, ಮೂತ್ರ ಗಂಟೆಗೆ 30 ಮಿಲಿ ಲೀಟರಾದರೂ ಬರುತ್ತಿದೆಯೇ. ಒಂದು ತಪ್ಪಿದರೂ ಔಷಧಿ ನಿಲ್ಲುತ್ತದೆ, ಅದರ ಪ್ರಮಾಣ ಮೀರಿದಾಗ ಪ್ರತ್ಯೌಷಧವಾಗುವ ಕ್ಯಾಲ್ಸಿಯಂ ಗ್ಲುಕೊನೇಟ್ ಕೈಗೆಟಕುವಂತೆ ಇರಬೇಕು. ಕೊನೆಯ ಫಿಟ್ಸ್ ಅಥವಾ ಹೆರಿಗೆ, ಯಾವುದು ತಡವಾಗಿ ಆಯಿತೋ ಅಲ್ಲಿಂದ 24 ಗಂಟೆ ಇದು ನಡೆಯುತ್ತದೆ, ಅಂದರೆ ಮೂರೂ ಪಾಳಿಗಳನ್ನು ದಾಟುತ್ತದೆ. ಹಿಂದಿನ ಸಲ ಬಲಕ್ಕೋ ಎಡಕ್ಕೋ, ಮುಂದಿನದು ಎಷ್ಟು ಗಂಟೆಗೆ, ನಿಲ್ಲಿಸುವುದು ಯಾವಾಗ ಎಂಬ ಮೂರು ಮಾತುಗಳು ಬರೆದಿರದಿದ್ದರೆ ಮುಂದಿನವರು ಕುರುಡಾಗಿ ನಿಲ್ಲಬೇಕಾಗುತ್ತದೆ. ಅಲ್ಲಿನ ಸಿಸ್ಟರುಗಳು ಇದನ್ನು ಗೋಡೆಯ ಬಿಳಿ ಹಲಗೆಯ ಮೇಲೆ ಬರೆದಿಡುತ್ತಾರೆ, ಅದು ಸರಿಯಾದ ಕ್ರಮ. ಬೇರೆ ವಾರ್ಡುಗಳಲ್ಲೂ ಇಂಥ ಹಲಗೆಯನ್ನು ಕೇಳಿ ಪಡೆಯಬೇಕು.

ಬರೆಯುವ ಹೊತ್ತಿನ ಬಗ್ಗೆ. ಪಾಳಿಯ ಕೊನೆಯ ಅರ್ಧ ಗಂಟೆಯಲ್ಲಿ ಕೂತು ಎಲ್ಲ ಕೇಸ್ ಶೀಟುಗಳನ್ನು ಗುಡ್ಡೆ ಹಾಕಿಕೊಂಡು ಒಟ್ಟಿಗೆ ಬರೆಯುವುದು ನಮ್ಮಲ್ಲಿ ಎಲ್ಲೆಡೆ ಇರುವ ಪದ್ಧತಿ, ಅದಕ್ಕೆ ಕಾರಣ ಆಲಸ್ಯವಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ಶುಶ್ರೂಷಾಧಿಕಾರಿ ಇರಬೇಕು; ಅಷ್ಟಿದ್ದ ವಾರ್ಡನ್ನು ನಾನು ನೋಡಿಲ್ಲ. ಆದರೆ ಒಟ್ಟಿಗೆ ಬರೆದ ಟಿಪ್ಪಣಿಯಲ್ಲಿ ಎಲ್ಲ ರೋಗಿಗಳೂ ಒಬ್ಬರಂತೆ ಒಬ್ಬರು ಕಾಣತೊಡಗುತ್ತಾರೆ: ‘ಜನರಲ್ ಕಂಡೀಷನ್ ಫೇರ್, ವೈಟಲ್ಸ್ ಸ್ಟೇಬಲ್, ಔಷಧಿಗಳನ್ನು ಆದೇಶದಂತೆ ಕೊಡಲಾಗಿದೆ.’ ಇದನ್ನು ಓದಿ ಯಾವ ರೋಗಿಯನ್ನೂ ಗುರುತಿಸಲಾಗುವುದಿಲ್ಲ. ಕೇಸ್ ಶೀಟಿನಲ್ಲಿ ಪೂರ್ತಿ ಬರೆಯಲು ಆಗದಿದ್ದರೂ ಹಾಳೆಯ ಮೇಲೆ ಗಂಟೆ ಮತ್ತು ಒಂದು ಪದವನ್ನು ಆಗಲೇ ಗೀಚಿಕೊಂಡರೆ ಕೊನೆಗೆ ಬರೆಯುವಾಗ ನೆನಪನ್ನು ನಂಬಬೇಕಾಗಿಲ್ಲ. ಅಂಗೈ ಮೇಲೆ ಬರೆದ ಬಿಪಿ ಮುಂದಿನ ರೋಗಿಯನ್ನು ಮುಟ್ಟುವ ಮುನ್ನ ಹಚ್ಚುವ ಹ್ಯಾಂಡ್‌ರಬ್‌ಗೆ ಅಳಿಸಿಹೋಗುತ್ತದೆ, ಗ್ಲೌಸಿನ ಮೇಲೆ ಬರೆದದ್ದು ಕಸದ ಬುಟ್ಟಿಗೆ ಹೋಗುತ್ತದೆ. ಡ್ರಿಪ್ ಬಾಟಲಿಗೆ ಮಾತ್ರ ಪ್ಲಾಸ್ಟರ್ ಪಟ್ಟಿ ಅಂಟಿಸಿ ಅದರ ಮೇಲೆ ಶುರುವಾದ ಗಂಟೆ ಮತ್ತು ಮುಗಿಯಬೇಕಾದ ಗಂಟೆ ಬರೆಯುವುದು ಒಳ್ಳೆಯದು. 500 ಮಿಲಿ ಲೀಟರ್ 4 ಗಂಟೆಯಲ್ಲಿ ಹೋಗಬೇಕೆಂದರೆ ಮಿಲಿ ಲೀಟರಿಗೆ 20 ಹನಿಯ ಸೆಟ್‌ನಲ್ಲಿ ನಿಮಿಷಕ್ಕೆ ಸುಮಾರು 42 ಹನಿ, ಅದನ್ನೂ ಅಲ್ಲೇ ಬರೆದರೆ ಹಾದುಹೋಗುವ ಯಾರು ಬೇಕಾದರೂ ನಿಂತು ಎಣಿಸಬಹುದು. ಇನ್ಸುಲಿನ್ ಪ್ರಮಾಣದ ಮುಂದೆ ಇಂಗ್ಲಿಷಿನ ‘ಯು’ ಅಕ್ಷರವನ್ನು ಒಂಟಿಯಾಗಿ ಬರೆಯದೆ ‘ಯುನಿಟ್’ ಎಂದು ಪೂರ್ತಿಯಾಗಿ ಬರೆಯಬೇಕು, ಏಕೆಂದರೆ ಆತುರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಂಡು 10 ಎಂಬುದು 100 ಆಗುತ್ತದೆ.

‘ಬರೆಯದಿದ್ದರೆ ಮಾಡಿಲ್ಲವೆಂದೇ ಲೆಕ್ಕ’ ಎಂಬ ಮಾತನ್ನು ನರ್ಸಿಂಗ್ ಶಾಲೆಯ ಮೊದಲ ವರ್ಷದಿಂದಲೇ ಕೇಳುತ್ತೇವೆ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ತಂದ ಮೇಲೆ ಈ ಮಾತಿನ ತೂಕ ಇನ್ನೂ ಹೆಚ್ಚಾಯಿತು. ಮಾತು ತಪ್ಪಲ್ಲ, ದಾಖಲೆ ನಮ್ಮನ್ನು ಕಾಯುತ್ತದೆ, ಕಾಯಬೇಕು. ಆದರೆ ಈ ಒಂದೇ ಮಾತನ್ನು ಹಿಡಿದುಕೊಂಡ ಕೈ ನ್ಯಾಯಾಲಯದಲ್ಲಿ ಓದುವವರಿಗಾಗಿ ಬರೆಯತೊಡಗುತ್ತದೆ, ಪಕ್ಕದ ಕುರ್ಚಿಗೆ ಎಂಟು ಗಂಟೆಗೆ ಬಂದು ಕೂರುವವರನ್ನು ಮರೆಯುತ್ತದೆ. ಮೊದಲ ಓದುಗರು ಅವರೇ. ಅವರಿಗೆ ಉಪಯೋಗವಾಗುವಂತೆ, ಗಂಟೆಯೊಂದಿಗೆ, ಕಂಡದ್ದನ್ನು ಕಂಡಂತೆ ಬರೆದ ಟಿಪ್ಪಣಿ ನ್ಯಾಯಾಲಯದಲ್ಲೂ ಗಟ್ಟಿಯಾಗಿಯೇ ನಿಲ್ಲುತ್ತದೆ.

ಬಾಯಿಮಾತಿನ ಹ್ಯಾಂಡೋವರ್, ಅಂದರೆ ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದರ ಬಗ್ಗೆ ಜಗತ್ತು ಸಾಕಷ್ಟು ಯೋಚಿಸಿದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಎಸ್‌ಬಿಎಆರ್ ಎಂಬ ಕ್ರಮವನ್ನು ಅಲ್ಲಿನ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳು ಚಿಕಿತ್ಸೆಗೆ ಒಗ್ಗಿಸಿಕೊಂಡವು: ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನಿಸುತ್ತಿದೆ, ಏನು ಆಗಬೇಕು. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡುವಾಗ ಇದಕ್ಕಿಂತ ಒಳ್ಳೆಯ ಸಹಾಯವಿಲ್ಲ, ಅದರಲ್ಲೂ ಮೂರನೆಯದು ಮತ್ತು ನಾಲ್ಕನೆಯದು. ನಮ್ಮವರು ಹಿನ್ನೆಲೆಯನ್ನು ವಿವರವಾಗಿ ಹೇಳಿ ‘ನೀವು ಈಗಲೇ ಬರಬೇಕು’ ಎಂಬ ಮಾತಿಗೆ ಬಂದಾಗ ಹಿಂಜರಿಯುತ್ತಾರೆ. 2014ರಲ್ಲಿ ಉತ್ತರ ಅಮೆರಿಕದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗದ ಕಿರಿಯ ವೈದ್ಯರ ಹ್ಯಾಂಡೋವರಿನ ಮೇಲೆ ನಡೆದ ಐ-ಪಾಸ್ ಅಧ್ಯಯನದ ಫಲಿತಾಂಶ ಪ್ರಕಟವಾಯಿತು. ಕ್ರಮಬದ್ಧ ಹ್ಯಾಂಡೋವರ್ ಜಾರಿಯಾದ ಮೇಲೆ ಚಿಕಿತ್ಸೆಯ ದೋಷಗಳು ಶೇ 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ಶೇ 30ರಷ್ಟು ಕಡಿಮೆಯಾದವು. ಆ ಕ್ರಮದಲ್ಲಿ ರೋಗಿಯ ತೀವ್ರತೆ ಮತ್ತು ಸಾರಾಂಶದ ನಂತರ ಬರುವುದೇ ಮಾಡಬೇಕಾದ ಕೆಲಸಗಳ ಪಟ್ಟಿ, ಅದರ ಹಿಂದೆಯೇ ‘ಹೀಗಾದರೆ ಹೀಗೆ ಮಾಡಿ’ ಎಂಬ ಮುನ್ಸೂಚನೆ, ಕೊನೆಗೆ ಕೇಳಿಸಿಕೊಂಡವರು ತಾವು ತಿಳಿದದ್ದನ್ನು ತಿರುಗಿ ಹೇಳುವುದು. ಬಾಕಿಯ ಪಟ್ಟಿಗೆ ನಾನು ಕೊಡುವ ಪ್ರಾಮುಖ್ಯವನ್ನು ಅಲ್ಲಿ ಅಂಕಿಗಳ ಸಮೇತ ಕಂಡು ನನಗೆ ಧೈರ್ಯ ಬಂದಿತು.

ಹಾಳೆಯ ಕೊನೆಯ ಗತಿಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಹತ್ತಾರು ಜನರ ಹೆಸರು ಮತ್ತು ಕಾಯಿಲೆಗಳಿರುತ್ತವೆ. ಎಚ್‌ಐವಿ, ಗರ್ಭಪಾತ, ವಿಷ ಕುಡಿದು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ) ಆದವರ ವಿವರಗಳಿರುತ್ತವೆ. ಅದು ಬಸ್ಸಿನಲ್ಲಿ ಜೇಬಿನಿಂದ ಬೀಳಬಾರದು, ಮನೆಯ ಮೇಜಿನ ಮೇಲಿರಬಾರದು, ಅದರ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಕೇಸ್ ಶೀಟಿಗೆ ಎಲ್ಲವೂ ಏರಿದ ಮೇಲೆ ವಾರ್ಡಿನಲ್ಲೇ ಹರಿದು ಹಾಕಿ ಹೊರಡಬೇಕು. ಗಣಕೀಕೃತ ದಾಖಲೆ ಬಂದಿರುವ ಆಸ್ಪತ್ರೆಗಳಲ್ಲಿ ಈ ಹಾಳೆ ಇಲ್ಲವಾಗುತ್ತದೆ ಎಂದುಕೊಂಡಿದ್ದೆವು. ಆಗಿಲ್ಲ. ಕಂಪ್ಯೂಟರ್ ನರ್ಸಿಂಗ್ ಸ್ಟೇಷನ್ನಿನಲ್ಲಿದೆ, ರೋಗಿ ವಾರ್ಡಿನ ಕೊನೆಯಲ್ಲಿದ್ದಾರೆ. ಪರದೆ ತನ್ನಿಂತಾನೇ ಗಂಟೆ ಹಾಕುತ್ತದೆ ಎಂಬುದು ದೊಡ್ಡ ಲಾಭ, ಆದರೆ ಹಾಕುವುದು ಟೈಪ್ ಮಾಡಿದ ಗಂಟೆ, ಕೆಲಸ ಮಾಡಿದ್ದಲ್ಲ. ಹಿಂದಿನ ಪಾಳಿಯ ಟಿಪ್ಪಣಿಯನ್ನು ಒಂದು ಗುಂಡಿ ಒತ್ತಿ ನಕಲು ಮಾಡುವ ಸೌಲಭ್ಯವಿದ್ದರೆ ‘ವೈಟಲ್ಸ್ ಸ್ಟೇಬಲ್’ ಎಂಬ ವಾಕ್ಯ ಇನ್ನೂ ಸುಲಭವಾಗಿ ವಾರಗಟ್ಟಲೆ ಬದುಕುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಆಡಳಿತದವರ ಮುಂದೆ ನಾನು ಇಡುವ ಬೇಡಿಕೆ ಒಂದೇ. ನಮ್ಮ ಡ್ಯೂಟಿ ರೋಸ್ಟರಿನಲ್ಲಿ ಒಂದು ಪಾಳಿ 2ಕ್ಕೆ ಮುಗಿಯುತ್ತದೆ, ಇನ್ನೊಂದು 2ಕ್ಕೆ ಶುರುವಾಗುತ್ತದೆ. ಹ್ಯಾಂಡೋವರಿಗೆ ಕಾಗದದ ಮೇಲೆ ಒಂದು ನಿಮಿಷವೂ ಇಲ್ಲ. ನಡೆಯುವ ಹ್ಯಾಂಡೋವರೆಲ್ಲ ಹೋಗುವವರ ಸಂಬಳವಿಲ್ಲದ ಸಮಯದಲ್ಲಿ, ಕೊನೆಯ ಬಸ್ಸಿನ ಚಿಂತೆಯಲ್ಲಿ, ನರ್ಸಿಂಗ್ ಸ್ಟೇಷನ್ನಿನಲ್ಲಿ ನಿಂತೇ ನಡೆಯುತ್ತದೆ. ಎರಡು ಪಾಳಿಗಳ ನಡುವೆ 20 ನಿಮಿಷ ಒಂದರ ಮೇಲೊಂದು ಬರುವಂತೆ ರೋಸ್ಟರ್ ಮಾಡಿದರೆ ಇಬ್ಬರೂ ರಿಪೋರ್ಟ್ ಬುಕ್ ಹಿಡಿದು ಹಾಸಿಗೆಯಿಂದ ಹಾಸಿಗೆಗೆ ನಡೆಯಬಹುದು. ರೋಗಿಯ ಮುಖ ನೋಡಿ, ಡ್ರಿಪ್ಪಿನ ಪಟ್ಟಿ ನೋಡಿ, ಮೂತ್ರದ ಚೀಲ ನೋಡಿ, ಬಾಕಿಗಳನ್ನು ಒಂದೊಂದಾಗಿ ಓದಿ ಒಪ್ಪಿಸಬಹುದು, ಬಂದವರು ಅದನ್ನು ತಿರುಗಿ ಹೇಳಿ ತಮ್ಮ ಹೊಸ ಹಾಳೆಯಲ್ಲಿ ಸೊನ್ನೆ ಸುತ್ತಿಕೊಳ್ಳಬಹುದು. ಮೂರು ಪಾಳಿಗಳಿಗೆ ದಿನಕ್ಕೆ ಒಟ್ಟು ಒಂದು ಗಂಟೆಯ ಸಂಬಳ. ಹೊಸ ನಮೂನೆಯ ಚಾರ್ಟ್ ಅಚ್ಚು ಹಾಕಿಸುವ ಮುನ್ನ ಈ ಒಂದು ಗಂಟೆಯನ್ನು ಮಂಜೂರು ಮಾಡಿ ಎಂದು ಕೇಳುತ್ತಿದ್ದೇನೆ, ಮುಂದಿನ ಸಭೆಯಲ್ಲೂ ಕೇಳುತ್ತೇನೆ.